ಹಕ್ಕಿ ಓಡಿಸುವವಳು

ಹೋದ ತಿಂಗಳು ಕೆ.ಆರ್.ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಪ್ರಿನ್ಸಿಪಾಲರಿಗೆ ನಿವೃತ್ತಿಯ ಸನ್ಮಾನ ನಡೆಯಿತು. ಅದು ಅವರ ಹುಟ್ಟೂರು. ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ದೀಪ ಆರಿಸಿ, ಅವರು ತೆಗೆದ ಹಕ್ಕಿಗಳ ಚಿತ್ರಗಳನ್ನು ಬಿಳಿ ಪಂಚೆಯೊಂದರ ಮೇಲೆ ತೋರಿಸಿದರು. ಒಂದು ಚಿತ್ರಕ್ಕೆ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಕಡಲ ದಂಡೆಯ ಮರಳು, ಮರಳಿನಲ್ಲೊಂದು ಸಣ್ಣ ಗುಳಿ, ಗುಳಿಯಲ್ಲಿ ಚುಕ್ಕೆ ಚುಕ್ಕೆಯ ಮೂರು ಮೊಟ್ಟೆ. "ಇದಕ್ಕಾಗಿ ಸುಡುಬಿಸಿಲಿನಲ್ಲಿ ಎರಡು ಗಂಟೆ ಕಾದಿದ್ದೇನೆ" ಎಂದರು ಪ್ರಿನ್ಸಿಪಾಲರು. ಮತ್ತೆ ಚಪ್ಪಾಳೆ. ನನ್ನ ಪಕ್ಕದಲ್ಲಿ ಕೂತಿದ್ದವರು "ಎಂಥಾ ತಾಳ್ಮೆ ನೋಡಿ" ಎಂದು ನನ್ನ ತೊಡೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಎರಡು ಗಂಟೆ ನಾನೂ ಅಲ್ಲಿದ್ದೆ. ಚಿತ್ರದಲ್ಲಿ ಮೊಟ್ಟೆಗಳಿವೆ, ತಾಯಿ ಹಕ್ಕಿ ಇಲ್ಲ. ಯಾಕಿಲ್ಲ ಎಂದು ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಗೊತ್ತಿದ್ದ ನಾನೂ ಬಾಯಿ ಬಿಡದೆ ಊಟ ಮಾಡಿಕೊಂಡು ಬಂದೆ.

ಅದೇ ವಾರ ತೊಣ್ಣೂರಿನ ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬ ಹೆಂಗಸು ತೀರಿಕೊಂಡಳು. ಪಾಂಡವಪುರದ ನಮ್ಮ ಕಾಲೇಜಿನಲ್ಲಿ ಒಂಬತ್ತು ವರ್ಷ ಗಂಟೆ ಹೊಡೆದು, ಕಸ ಗುಡಿಸಿ, ಹೂಜಿಗೆ ನೀರು ತುಂಬಿಸಿ, ನಮಗೆಲ್ಲ ಟೀ ಕಾಯಿಸಿ ಕೊಟ್ಟವಳು. ಉಪನ್ಯಾಸಕರು ಅವಳನ್ನು ಆಯಾ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಎನ್ನುತ್ತಿದ್ದೆ ಎಂದು ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅದು ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ನಮ್ಮಲ್ಲಿಗೆ ಬರುವ ಮೊದಲು ಮಾಡುತ್ತಿದ್ದದ್ದು ಒಂದೇ ಕಸುಬು, ಬೆಳೆಯ ಮೇಲಿನ ಹಕ್ಕಿ ಓಡಿಸುವುದು. ಅವಳನ್ನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಗೆ ಕೊಟ್ಟಿದ್ದರು. ಅದು ಮಳೆ ನಂಬಿದ ಬೆದ್ದಲು ಭೂಮಿ. ಜೋಳ ತೆನೆ ಕಟ್ಟಿದರೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟಣೆ ಹಾಕುತ್ತಿದ್ದರು. ಅವಳು ಅದರ ಮೇಲೆ ನಿಂತು ಬೆಳಿಗ್ಗೆಯಿಂದ ಸಂಜೆಯವರೆಗೆ ಕವಣೆ ಬೀಸುತ್ತಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ವಾಪಸು ಬಂದಳು. ತಮ್ಮನ ಭತ್ತದ ಗದ್ದೆ, ಪಕ್ಕದವರ ಗದ್ದೆ, ಆಮೇಲೆ ಸುತ್ತಲಿನ ಯಾರು ಕರೆದರೂ ಅವರ ಗದ್ದೆ. ಬೀಸಿ ಬೀಸಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು, ಬಲಭುಜ ಸ್ವಲ್ಪ ಕೆಳಗಿಳಿದಿತ್ತು. ಕಾಲೇಜಿನ ವರಾಂಡದಲ್ಲಿ ನಡೆಯುವಾಗಲೂ ನೆಲ ನೋಡುತ್ತಿರಲಿಲ್ಲ, ತಲೆಯೆತ್ತಿಕೊಂಡೇ ನಡೆಯುತ್ತಿದ್ದಳು. ಹೊಸದಾಗಿ ಸೇರಿದವರು ಇವಳಿಗೆ ಏನು ಜಂಬ ಎಂದುಕೊಳ್ಳುತ್ತಿದ್ದರು.

ಅವಳು ಕವಣೆಗೆ ಕಲ್ಲು ಇಡುತ್ತಿರಲಿಲ್ಲ. ತೊಣ್ಣೂರು ಕೆರೆಯ ಜೇಡಿಮಣ್ಣು ತಂದು, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ನೆರಳಿನಲ್ಲಿ ಒಣಗಿಸುತ್ತಿದ್ದಳು. ಬಿಸಿಲಿನಲ್ಲಿ ಒಣಗಿಸಿದರೆ ಕಲ್ಲಿನ ಹಾಗಾಗುತ್ತದಂತೆ. ನೆರಳಿನಲ್ಲಿ ಒಣಗಿದ ಉಂಡೆ ಗಾಳಿಯಲ್ಲಿ ಗಟ್ಟಿಯಾಗಿ ಹೋಗಿ ನೆಲಕ್ಕೆ ಬಿದ್ದ ತಕ್ಷಣ ಪಟಾರನೆ ಒಡೆಯುತ್ತದೆ. ಆ ಸದ್ದಿಗೆ ಹಿಂಡು ಏಳುತ್ತದೆ. ಒಂದು ದಿನ ನಾನು ತಮಾಷೆಗೆ, "ಅಷ್ಟು ವರ್ಷದಲ್ಲಿ ಎಷ್ಟು ಹಕ್ಕಿ ಉರುಳಿಸಿದ್ದೀಯ ಅಕ್ಕ?" ಎಂದು ಕೇಳಿದೆ. ಅವಳಿಗೆ ನಿಜವಾಗಿ ಸಿಟ್ಟು ಬಂತು.

"ಒಂದೂ ಇಲ್ಲ ಕಣ್ ಸಾ. ಹಕ್ಕಿಗೆ ತಗುಲ್ತು ಅಂದ್ರೆ ಗುರಿ ತಪ್ತು ಅಂತ. ಅದರ ಮುಂದಕ್ಕೆ ಒಂದ್ ಮಾರು ಬೀಳ್ಬೇಕು. ಎದ್ದೋಗ್ಬೇಕು, ಸಾಯ್ಬಾರ್ದು. ಅದ್ಕೂ ಹೊಟ್ಟೆ ಅದೆ, ನಮ್ಗೂ ಹೊಟ್ಟೆ ಅದೆ."

ಹಕ್ಕಿಗಳನ್ನು ಅವಳು ಗುರುತಿಸುತ್ತಿದ್ದದ್ದು ಅವುಗಳ ಕಳ್ಳತನದಿಂದ. ಯಾವುದು ತೆನೆಯ ತುದಿ ಕಡಿಯುತ್ತದೆ, ಯಾವುದು ಕೆಳಗೆ ಉದುರಿದ್ದನ್ನಷ್ಟೇ ಆಯುತ್ತದೆ, ಯಾವುದು ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಪುಸ್ತಕದಲ್ಲಿ ರಾಟವಾಳ ಎಂದಿರುವ ಪುಟ್ಟ ಹಕ್ಕಿಗೆ ಅವಳು ಇಟ್ಟ ಹೆಸರು ಹಾಲ್ಗುಡುಕ, ಭತ್ತದ ಹಾಲುಗಾಳನ್ನು ಹೀರುತ್ತದಲ್ಲ, ಅದಕ್ಕೆ. ಗಿಳಿಯನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಯಾರೋ ಹುಡುಗಿಯರು ಗಿಳಿ ಎಷ್ಟು ಮುದ್ದು ಎಂದದ್ದಕ್ಕೆ, "ಮುದ್ದು! ಒಂದ್ ದಿನ ಹೊಲ ಕಾಯಿರವ್ವಾ, ಗೊತ್ತಾಯ್ತದೆ" ಎಂದು ಗಂಟೆ ಹೊಡೆಯಲು ಎದ್ದುಹೋಗಿದ್ದಳು.

ಇಂಥವಳಿರುವ ಕಾಲೇಜಿಗೆ ಪಕ್ಷಿಪ್ರೇಮಿ ಪ್ರಿನ್ಸಿಪಾಲರು ಬಂದರು. ಬಂದ ವರ್ಷವೇ ಪ್ರಕೃತಿ ಸಂಘ ಕಟ್ಟಿದರು. ಭಾನುವಾರ ಬಂದರೆ ಶ್ರೀರಂಗಪಟ್ಟಣದ ಹೊಳೆ ದಂಡೆ, ದುರ್ಬೀನು, ಒಂದು ಅಚ್ಚು ಹಾಕಿಸಿದ ಪಟ್ಟಿ. ಕಂಡ ಹಕ್ಕಿಯ ಮುಂದೆ ಗುರುತು ಹಾಕಬೇಕು. ಗುರುತು ಹಾಕಿದ ಮೇಲೆ ಆ ಹಕ್ಕಿಯ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ, ಮುಂದಿನದಕ್ಕೆ ಓಡುತ್ತಿದ್ದರು. ನಾನು ವಾಣಿಜ್ಯದ ಉಪನ್ಯಾಸಕ. ಕಾಗೆ, ಗುಬ್ಬಿ, ಕೊಕ್ಕರೆ ಬಿಟ್ಟು ನಾಲ್ಕನೆಯ ಹಕ್ಕಿ ಗೊತ್ತಿರಲಿಲ್ಲ. ಆದರೂ ಸಂಘದ ಕಾರ್ಯದರ್ಶಿಯಾದೆ. ಯಾಕೆಂದರೆ 'ಆಗಿ' ಎಂದು ಅವರು ಹೇಳಿದರು. ನನ್ನ ಬಾಳಿನಲ್ಲಿ ನಾನು ಮಾಡಿದ ಬಹಳಷ್ಟು ಕೆಲಸಗಳಿಗೆ ಕಾರಣ ಇಷ್ಟೇ.

ಏಳು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ಸಂಘದಿಂದ ಕಾರವಾರದ ಕಡೆಗೆ ಒಂದು ವಾರದ ಪ್ರವಾಸ ಹೊರಟಿತು. ಗುಡ್ಡಗಳು ನೇರ ಕಡಲಿಗೇ ಇಳಿಯುವ ಸೀಮೆ, ಕಾಡಿನ ಹಕ್ಕಿ, ನೀರಿನ ಹಕ್ಕಿ ಎರಡೂ ಸಿಗುತ್ತವೆ, ಪಟ್ಟಿ ಬೆಳೆಯುತ್ತದೆ ಎಂದು ಪ್ರಿನ್ಸಿಪಾಲರ ಹುರುಪು. ಒಂದು ಮೆಟಡೋರು ಗೊತ್ತು ಮಾಡಿದರು. ಶ್ರೀರಂಗಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟವನೊಬ್ಬ, ನಾಗಮಂಗಲದಿಂದ ಓಡಾಡುತ್ತಿದ್ದ ನಮ್ಮ ಪ್ರಾಣಿಶಾಸ್ತ್ರದ ಉಪನ್ಯಾಸಕ, ಪ್ರಿನ್ಸಿಪಾಲರು, ನಾನು. ಅಡುಗೆಗೆ ಅಕ್ಕ. ಅವಳು ಖುಷಿಯಿಂದಲೇ ಹೊರಟಳು. ದಿನಗೂಲಿಯಲ್ಲಿದ್ದ ಅವಳನ್ನು ಖಾಯಂ ಮಾಡುವ ಶಿಫಾರಸು ಪತ್ರ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಅವರೊಂದು ಸಹಿ ಹಾಕಿ ಆಡಳಿತ ಮಂಡಳಿಗೆ ಕಳಿಸಿದರೆ ಆಯಿತು. ಪ್ರವಾಸದಿಂದ ಬಂದ ಮೇಲೆ ನೋಡೋಣ ಎಂದಿದ್ದರು.

ಗಾಡಿ ಹತ್ತುವಾಗ ಅವಳ ಸೊಂಟದಲ್ಲಿದ್ದ ಕವಣೆ ಪ್ರಿನ್ಸಿಪಾಲರ ಕಣ್ಣಿಗೆ ಬಿತ್ತು. ಕತ್ತಾಳೆ ನಾರಿನ ಕವಣೆ, ಕಾಲೇಜಿಗೂ ಅದನ್ನು ಸಿಕ್ಕಿಸಿಕೊಂಡೇ ಬರುತ್ತಿದ್ದಳು. "ಪಕ್ಷಿ ವೀಕ್ಷಣೆಗೆ ಕವಣೆ ತರ್ತಾಳಲ್ರೀ ಇವಳು!" ಎಂದು ಎಲ್ಲರೂ ನಗುವ ಹಾಗೆ ಹೇಳಿ, ಅದನ್ನು ತೆಗೆಸಿ ಕಾಲೇಜಿನ ಕಿಟಕಿಯೊಳಗೆ ಎಸೆಯಿಸಿದರು. ನಾವೆಲ್ಲ ನಕ್ಕೆವು. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿನ್ನುವವರೆಗೂ ಅಕ್ಕನ ಕೈ ಸೊಂಟದಲ್ಲೇ ತಡವರಿಸುತ್ತಿತ್ತು.

ಮರುದಿನ ಕಡಲು ಕಂಡಿತು. ಅವಳು ಮೊದಲ ಸಲ ನೋಡಿದ್ದು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳಿದಳು, "ಸಾ, ಇದು ಕೋಡಿ ಬಿದ್ರೆ ನೀರು ಎಲ್ಲಿಗ್ ಓಯ್ತದೆ?" ತೊಣ್ಣೂರು ಕೆರೆಯ ಏರಿಯ ಮೇಲೆ ಬೆಳೆದವಳು. ಅಷ್ಟು ನೀರು ತುಂಬಿರುವ ಕೆರೆಗೆ ಏರಿ ಕಾಣಿಸದಿದ್ದರೆ ಅವಳಿಗೆ ಗಾಬರಿಯಾಗುವುದು ಸಹಜ. ನಾನು ಇದಕ್ಕೆ ಕೋಡಿ ಇಲ್ಲ ಎಂದೆ. "ಕೋಡಿ ಇಲ್ದಿದ್ ಕೆರೆ ಯಾರ್ ಕಟ್ಟಿಸಿದ್ರಪ್ಪಾ" ಎಂದು ಗೊಣಗಿಕೊಂಡು ಒಲೆ ಹೂಡಲು ಹೋದಳು.

ಎರಡನೆಯ ದಿನ ಗುಡ್ಡದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಡಲ ಹದ್ದನ್ನು ಹುಡುಕುತ್ತಿದ್ದಾಗ, ಹಿಂದಿನಿಂದ ನೀರಿನ ಕೊಡ ಹೊತ್ತು ಬಂದ ಅಕ್ಕ ಬಲಗಡೆಯ ಒಣಮರಕ್ಕೆ ಕೈ ತೋರಿಸಿದಳು. ಬಿಳಿಹೊಟ್ಟೆಯ ಜೋಡಿ ಹದ್ದು ಅಲ್ಲೇ ಕೂತಿದ್ದವು. ಪ್ರಿನ್ಸಿಪಾಲರು ಎಡಗಡೆಗೆ ದುರ್ಬೀನು ಹಿಡಿದಿದ್ದರು. ತಿರುಗಿ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ, "ನೀನು ಒಲೆ ನೋಡ್ಕೋ ಹೋಗಮ್ಮ" ಎಂದರು. ಥ್ಯಾಂಕ್ಸ್ ಎಂಬ ಒಂದು ಮಾತಿಲ್ಲ. ನಾಯಿ ತೋರಿಸಿಕೊಟ್ಟಿದ್ದರೂ ಅದಕ್ಕೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದರು.

ಮೂರನೆಯ ದಿನ ಸಂಜೆ ಅಕ್ಕ ನನ್ನನ್ನು ಕರೆದು ದಂಡೆಯ ಒಂದು ಮೂಲೆಗೆ ಕರೆದುಕೊಂಡು ಹೋದಳು. ಗುಡ್ಡದ ಬುಡದಲ್ಲಿ ಮರಳು ಅಗಲವಾಗಿ ಹರಡಿತ್ತು. ಮರಳಿನದೇ ಬಣ್ಣದ ಒಂದು ಪುಟ್ಟ ಗೊರವ ಹಕ್ಕಿ ನಮ್ಮ ಮುಂದೆ ರೆಕ್ಕೆ ಮುರಿದ ಹಾಗೆ ಕುಂಟುತ್ತ ಓಡಿತು. "ನಾಟ್ಕ ಸಾ. ಮೊಟ್ಟೆ ಐತೆ" ಎಂದು ಅವಳು ನಕ್ಕಳು. ಆಮೇಲೆ ಗುಳಿ ತೋರಿಸಿದಳು. ನಾನು ಕಾಲಿಟ್ಟಿದ್ದರೂ ಕಾಣುತ್ತಿರಲಿಲ್ಲ, ಅಷ್ಟು ಮರಳಿನಂತಿದ್ದವು ಆ ಮೂರು ಮೊಟ್ಟೆ.

"ನಮ್ ಹೊಲದಾಗೆ ಟಿಟ್ಟಿಬ ಇಂಗೇ ಬಯಲಾಗೆ ಇಡ್ತದೆ. ಉಳೋವಾಗ ಮೊಟ್ಟೆ ಕಂಡ್ರೆ ಅಷ್ಟು ಜಾಗ ಬುಟ್ಟು ಉಳ್ತೀವಿ. ಬಿಸ್ಲು ಏರುದ್ರೆ ಅದು ಕೆರೆಗೋಗಿ ಹೊಟ್ಟೆ ನೆನುಸ್ಕಂಡ್ ಬಂದು ಕುಂತ್ಕತದೆ, ಮೊಟ್ಟೆ ತಣ್ಣಗಿರ್ಲಿ ಅಂತ. ಇದೂ ಅಂಗೇ ಮಾಡ್ತದೆ, ಬೆಳಿಗ್ಗಿಂದ ನೋಡ್ದೆ. ಯಾರ್ಗೂ ಯೋಳ್ಬ್ಯಾಡಿ ಸಾ."

ಮರುದಿನ ಉಪ್ಪಿಟ್ಟು ತಿನ್ನುವಾಗ ನಾನೇ ಹೇಳಿಬಿಟ್ಟೆ. ಮೂರು ದಿನದಿಂದ ಒಂದು ಹಕ್ಕಿಯನ್ನೂ ಮೊದಲು ಗುರುತಿಸದ ಕಾರ್ಯದರ್ಶಿಯಾಗಿದ್ದೆ. "ಸಾರ್, ಒಂದು ಗೂಡು ನೋಡಿದೆ" ಎಂದೆ. ನೋಡಿದೆ ಎಂದೆ, ಅಕ್ಕ ತೋರಿಸಿದಳು ಎನ್ನಲಿಲ್ಲ. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ಒಲೆಯ ಹತ್ತಿರ ಕೂತಿದ್ದ ಅವಳು ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ.

ಹನ್ನೊಂದು ಗಂಟೆಗೆ ಆ ಗುಳಿಯ ಮುಂದೆ ಮೂರು ಕಾಲಿನ ಸ್ಟ್ಯಾಂಡು ನಿಂತಿತು, ಅದರ ಮೇಲೆ ಪ್ರಿನ್ಸಿಪಾಲರ ಹೊಸ ಕ್ಯಾಮೆರಾ. ಅವರು ಛತ್ರಿ ಹಿಡಿದು ಕೂತರು, ಸ್ಟುಡಿಯೋದವನು ಒಂದು ಪಕ್ಕ, ಪ್ರಾಣಿಶಾಸ್ತ್ರದವನು ಇನ್ನೊಂದು ಪಕ್ಕ. ಮೊದಲು ಮೊಟ್ಟೆಗಳ ಚಿತ್ರ ತೆಗೆದರು. ಸನ್ಮಾನದ ದಿನ ತೋರಿಸಿದ್ದು ಅದೇ. ಅಷ್ಟಕ್ಕೆ ಎದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ತಾಯಿ ಬಂದು ಮೊಟ್ಟೆಯ ಮೇಲೆ ಕೂರುವ ಚಿತ್ರ ಬೇಕು ಎಂದು ಪಟ್ಟು ಹಿಡಿದರು. ಹಕ್ಕಿ ನೀರಿನ ಅಂಚಿಗೆ ಓಡಿ ಹೊಟ್ಟೆ ನೆನೆಸಿಕೊಂಡು ಬರುತ್ತಿತ್ತು, ಮೂರು ಆಳುಗಳನ್ನು ಕಂಡು ನಿಂತುಬಿಡುತ್ತಿತ್ತು. ಹೊಟ್ಟೆ ಒಣಗುತ್ತಿತ್ತು. ಮತ್ತೆ ನೀರಿಗೆ ಓಡುತ್ತಿತ್ತು. ಮರಳಿನ ಮೇಲೆ ಬರಿಗಾಲು ಇಡಲಾಗದಂಥ ಬಿಸಿಲು. ಪ್ರಾಣಿಶಾಸ್ತ್ರದವನು ಒಮ್ಮೆ, "ಸಾರ್, ಸ್ವಲ್ಪ ಹಿಂದಕ್ಕೆ ಹೋಗೋಣವಾ" ಎಂದ. ಪ್ರಿನ್ಸಿಪಾಲರು ಬೆರಳು ತುಟಿಯ ಮೇಲಿಟ್ಟರು. ಅಷ್ಟಕ್ಕೇ ಅವನ ಪ್ರಾಣಿಶಾಸ್ತ್ರ ಮುಗಿಯಿತು.

ಗುಡ್ಡದ ನೆರಳಿನಲ್ಲಿ ಅಡುಗೆ ಇಳಿಸಿಟ್ಟು ಅಕ್ಕ ಅವರ ಹತ್ತಿರ ನಡೆದುಹೋದಳು. "ಎದ್ಬುಡಿ ಬುದ್ಧಿ, ಮೊಟ್ಟೆ ಬೆಂದೋಯ್ತವೆ" ಎಂದಳು. ಪ್ರಿನ್ಸಿಪಾಲರು ಛತ್ರಿಯ ಕೆಳಗಿನಿಂದ ಅವಳನ್ನು ಮೇಲೆ ಕೆಳಗೆ ನೋಡಿ ಹೇಳಿದರು, "ಹಕ್ಕಿ ಓಡಿಸುವವಳು ನನಗೆ ಹಕ್ಕಿ ಪಾಠ ಹೇಳ್ತೀಯಾ? ಹೋಗು, ಸಾರು ಉಕ್ಕೀತು."

ಅವಳು ನನ್ನ ಹತ್ತಿರ ಬಂದಳು. ನಾನು ನೆರಳಿನಲ್ಲಿದ್ದೆ.

"ನೀವಾರ ಒಂದ್ ಮಾತು ಯೋಳಿ ಸಾ. ನಿಮ್ಮಿಂದ್ಲೇ ಅಲ್ವಾ ಆಗಿದ್ದು."

"ಸುಮ್ಮನಿರು ಅಕ್ಕ. ನಿನ್ನ ಖಾಯಂ ಕಾಗದ ಅವರ ಕೈಯಲ್ಲಿದೆ. ಒಂದು ಹಕ್ಕಿಗೋಸ್ಕರ ಹಾಳು ಮಾಡ್ಕೋಬೇಡ."

"ನಂದು ಇರ್ಲಿ ಬುಡಿ. ಅದರದ್ ನೋಡಿ ವಸಿ."

ನಾನು ನೋಡಿದೆ. ಹಕ್ಕಿ ಬಾಯಿ ತೆರೆದುಕೊಂಡು ನಿಂತಿತ್ತು. ನೋಡಿಯೂ ಏಳಲಿಲ್ಲ. ಅವಳು ಕೈ ಚಾಚಿ, "ಟವೆಲ್ಲು ಕೊಡಿ ಸಾ" ಎಂದಳು. ತಲೆಗೆ ಬಿಸಿಲಾಯಿತೇನೋ ಎಂದುಕೊಂಡು ಹೆಗಲ ಮೇಲಿದ್ದ ಟವೆಲ್ಲನ್ನು ಕೊಟ್ಟೆ. ಅವಳು ಗುಡ್ಡದ ಬುಡದಿಂದ ಒಂದು ಜಂಬಿಟ್ಟಿಗೆ ಕಲ್ಲಿನ ಚೂರು ಆರಿಸಿದಳು. ಮೊದಲು ಆರಿಸಿದ್ದು ಭಾರವಾಯಿತೆಂದು ಬಿಸಾಕಿ ಇನ್ನೊಂದನ್ನು ಆರಿಸಿದಳು, ಬೆರಳಿನಿಂದ ಉಜ್ಜಿ ಉದುರುತ್ತದೋ ಎಂದು ನೋಡಿದಳು. ಟವೆಲ್ಲನ್ನು ಮಡಿಸಿ ಅದರೊಳಗೆ ಕಲ್ಲಿಟ್ಟಾಗಲೇ ನನಗೆ ಅರ್ಥವಾಗಬೇಕಿತ್ತು. ಬಲಭುಜ ಎದ್ದಿತು, ಎರಡು ಸುತ್ತು ತಿರುಗಿತು, ಟವೆಲ್ಲಿನ ಒಂದು ತುದಿ ಬಿಟ್ಟುಕೊಂಡಿತು.

ಕಾಲೇಜಿನ ಗೇಟಿನಿಂದ ಆಫೀಸಿನವರೆಗೆ ಎಷ್ಟು ದೂರವೋ ಅಷ್ಟು ದೂರ. ಮೂರು ತಲೆಗಳು, ಅವುಗಳ ನಡುವೆ, ನಮ್ಮ ಕಡೆಗೇ ಮುಖ ಮಾಡಿದ್ದ ಕ್ಯಾಮೆರಾದ ಒಂದು ಹಿಡಿ ಗಾತ್ರದ ಗಾಜು. ಕಲ್ಲು ಆ ಗಾಜಿಗೇ ಬಡಿಯಿತು, ಗಾಜು ಒಡೆಯಿತು, ಕಲ್ಲು ಪುಡಿಯಾಯಿತು.

ಮೂವರೂ ಎದ್ದು, ಅರಚುತ್ತ, ಕ್ಯಾಮೆರಾ ಎತ್ತಿಕೊಂಡು ನಮ್ಮ ಕಡೆಗೆ ಓಡಿ ಬಂದರು. ಪ್ರಿನ್ಸಿಪಾಲರ ಬಾಯಿಂದ ಆಗ ಬಂದ ಮಾತುಗಳನ್ನು ಅಚ್ಚು ಹಾಕಲಾಗದು. ಅಕ್ಕ ಅವರ ಮುಖ ನೋಡುತ್ತಿರಲಿಲ್ಲ, ಅವರ ಹೆಗಲ ಮೇಲಿಂದ ದೂರಕ್ಕೆ ನೋಡುತ್ತಿದ್ದಳು. ನಾನೂ ಆ ಕಡೆ ನೋಡಿದೆ. ಗೊರವ ನೀರಿನಂಚಿನಿಂದ ಓಡೋಡಿ ಬಂತು, ಗುಳಿಯ ಹತ್ತಿರ ಒಂದು ಕ್ಷಣ ನಿಂತಿತು, ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಇಳಿಸಿ ಕೂತುಕೊಂಡಿತು. ಪಕ್ಷಿ ವೀಕ್ಷಣೆಗೆಂದು ಹೋದ ಆ ಪ್ರವಾಸದಲ್ಲಿ ನಾನು ನಿಜವಾಗಿ ನೋಡಿದ ಹಕ್ಕಿ ಅದೊಂದೇ. ಅದಕ್ಕೆ ಬೆನ್ನು ಹಾಕಿ ನಿಂತು ಪಕ್ಷಿಪ್ರೇಮಿಗಳು ಒಬ್ಬ ಹೆಂಗಸನ್ನು ಬೈಯುತ್ತಿದ್ದರು.

ಪ್ರವಾಸ ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಬೆಳ್ಳೂರು ಕ್ರಾಸಿನ ಹೋಟೆಲಿನ ಮುಂದೆ ಪ್ರಿನ್ಸಿಪಾಲರು ಆ ಟವೆಲ್ಲನ್ನು ಎತ್ತಿ ಹಿಡಿದು, "ಇದು ಯಾರದು?" ಎಂದು ಕೇಳಿದರು. ನನಗೆ ಆಗಷ್ಟೇ ಮದುವೆಯಾಗಿತ್ತು, ಅದು ಮಾವನ ಮನೆಯಲ್ಲಿ ಕೊಟ್ಟ ಟವೆಲ್ಲು, ಅಂಚಿನಲ್ಲಿ ಕೆಂಪು ದಾರ. ನಾನು ನೆಲ ನೋಡಿದೆ. ಗಾಡಿಯೊಳಗಿಂದ ಅಕ್ಕ, "ನಂದೇ ಬುದ್ಧಿ" ಎಂದಳು.

ಕಾಲೇಜಿಗೆ ಬಂದ ಮೇಲೆ ಅವಳಿಂದ ಲಿಖಿತ ವಿವರಣೆ, ಕಣ್ಣಾರೆ ಕಂಡವನಾದ ನನ್ನಿಂದ ಲಿಖಿತ ಹೇಳಿಕೆ ಕೇಳಿದರು. ಎರಡನ್ನೂ ನಾನೇ ಬರೆದೆ. ಇಡೀ ರಾತ್ರಿ ಯೋಚಿಸಿ ಒಂದು ಉಪಾಯ ಹೊಳೆದಿತ್ತು: 'ಮೊಟ್ಟೆಗಳತ್ತ ಬರುತ್ತಿದ್ದ ಕಾಗೆಯನ್ನು ಓಡಿಸಲು ಬೀಸಿದ ಕಲ್ಲು ಗುರಿ ತಪ್ಪಿ ಕ್ಯಾಮೆರಾಕ್ಕೆ ತಗುಲಿರುತ್ತದೆ. ಇದಕ್ಕಾಗಿ ವಿಷಾದಿಸುತ್ತೇನೆ.' ನನ್ನ ಜಾಣತನಕ್ಕೆ ನಾನೇ ಬೀಗಿದೆ. ಪ್ರಿನ್ಸಿಪಾಲರೂ ಓದಿ ತಲೆಯಾಡಿಸಿದರು. ಕಸ ಗುಡಿಸುವವಳು ಗುರಿಯಿಟ್ಟು ಹೊಡೆದಳು ಎಂಬ ಸುದ್ದಿ ಊರಿನಲ್ಲಿ ಹಬ್ಬುವುದಕ್ಕಿಂತ ಇದು ಅವರಿಗೂ ಮರ್ಯಾದೆ. "ಸಹಿ ಮಾಡಿಸಿಕೊಂಡು ಬನ್ನಿ. ಖಾಯಂ ಪತ್ರಕ್ಕೂ ಸಹಿ ಹಾಕ್ತೀನಿ" ಎಂದರು.

ಅಕ್ಕ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದಳು. ಓದಿ ಹೇಳಿ ಎಂದಳು. ನಾನು ಕನ್ನಡಕ ಒರೆಸಿಕೊಂಡು ಓದಿದೆ.

"ಕಾಗೆ ಎಲ್ಲಿತ್ತು ಸಾ?"

"ಇತ್ತು ಅಂತ ಇಟ್ಕೋ."

"ಇಟ್ಕಂಡೆ. ಅದೇನದು, ಗುರಿ ತಪ್ಪಿ?"

"ಬೇಕು ಅಂತ ಹೊಡೆದದ್ದಲ್ಲ ಅಂತ ಅರ್ಥ."

"ಬೇಕೂಂತ್ಲೇ ಅಲ್ವಾ ಹೊಡ್ದಿದ್ದು? ಅವ್ರು ಎದ್ದೋಗ್ಲಿ ಅಂತ. ಕಾಗೆ ಬೇಕಾರೆ ಬರ್ಕಳಿ. ತಪ್ಪಾಯ್ತು ಅಂತ್ಲೂ ಬರ್ಕಳಿ, ಅವ್ರ ಕಾಲ್ಗೂ ಬೀಳ್ತೀನಿ, ಬೆಲೆ ಬಾಳೋ ವಸ್ತು ಒಡ್ದಾಕ್ದೆ, ಅದ್ಕೆ. ಗುರಿ ತಪ್ತು ಅಂತ ಮಾತ್ರ ಬ್ಯಾಡಿ."

ನನಗೆ ಪಿತ್ತ ನೆತ್ತಿಗೇರಿತು. ಎರಡು ಪದ! ಎರಡು ಪದಕ್ಕೆ ಕೆಲಸ ಕಳೆದುಕೊಳ್ಳುತ್ತೀಯಾ, ನಿನ್ನ ಜಂಬಕ್ಕೆ ಬೆಂಕಿ ಹಾಕ, ನಿನಗೋಸ್ಕರ ನಾನು ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತಾ ಎಂದೆಲ್ಲ ಕೂಗಾಡಿದೆ. ಹುಡುಗರು ತರಗತಿಯಿಂದ ಇಣುಕಿದರು. ಅಕ್ಕ ನನ್ನ ಕೂಗು ಮುಗಿಯುವವರೆಗೆ ಕಾದಳು.

"ಜಂಬ ಅಲ್ಲ ಸಾ. ಅಲ್ಲಿ ಮೂರ್ ಜನ ಕುಂತಿದ್ರು. ನಂದು ತಪ್ಪೋ ಕೈಯಾಗಿದ್ರೆ ನಾನು ಅಲ್ಲಿಗೆ ಕಲ್ಲು ಬೀಸ್ತಿದ್ನಾ? ಯಾರ್ದಾರ ತಲೆ ಒಡ್ದೋಗಿದ್ರೆ? ಅವ್ರಿಗೂ ಹೆಂಡ್ತಿ ಮಕ್ಳು ಅವ್ರೆ. ತಪ್ಪಾಕಿಲ್ಲ ಅಂತ ಗೊತ್ತಿತ್ತು, ಅದ್ಕೇ ಬೀಸ್ದೆ. ತಪ್ಪೋ ಕೈಲಿ ಬೀಸ್ದೆ ಅಂತ ರುಜು ಹಾಕುದ್ರೆ ನಾನು ಕೊಲೆ ಮಾಡೋಕ್ ನಿಂತಿದ್ದೋಳು ಆಯ್ತೀನಿ."

ಕಾಗದವನ್ನು ನನ್ನ ಕೈಗಿಟ್ಟು ಎದ್ದು ಹೋಗಿ ಗಂಟೆ ಹೊಡೆದಳು. ಅದು ಅವಳು ಹೊಡೆದ ಕೊನೆಯ ಗಂಟೆ. ಮರುದಿನದಿಂದ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಅವಳ ವಿವರಣೆಯ ಹಾಳೆ ಸಹಿಯಿಲ್ಲದೆ ಉಳಿಯಿತು. ಆದರೆ ನನ್ನ ಹೇಳಿಕೆಗೆ ನಾನು ಆಗಲೇ ಸಹಿ ಹಾಕಿ ಕೊಟ್ಟಿದ್ದೆ. ಕಾಗೆ, ಕಲ್ಲು, ಗುರಿ ತಪ್ಪಿ. ಅದನ್ನು ವಾಪಸು ಕೊಡಿ ಎಂದು ಕೇಳಲು ನಾನು ಹೋಗಲಿಲ್ಲ. ಹಟಮಾರಿ ಹೆಂಗಸು, ಮಾಡಿದ ಉಪಕಾರ ತಿಳಿಯಲಿಲ್ಲ ಎಂದು ಎರಡು ವರ್ಷ ಅವಳ ಮೇಲೆಯೇ ಸಿಟ್ಟು ಇಟ್ಟುಕೊಂಡು ಓಡಾಡಿದೆ. ಹಾಗಿರುವುದು ನನಗೆ ಅನುಕೂಲವಾಗಿತ್ತು.

ಎರಡು ವರ್ಷದ ಮೇಲೆ ವಿದ್ಯಾರ್ಥಿಯೊಬ್ಬನ ಮನೆಯ ಗೃಹಪ್ರವೇಶಕ್ಕೆಂದು ತೊಣ್ಣೂರಿನ ಹತ್ತಿರ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಕಾಲಿನ ಮುಂದೆ, ಇನ್ನೊಂದು ಹೆಜ್ಜೆ ಇಡಬೇಕಾದ ಜಾಗದಲ್ಲೇ, ಮಣ್ಣುಂಡೆಯೊಂದು ಪಟಾರನೆ ಒಡೆಯಿತು. ತಲೆಯೆತ್ತಿದೆ. ದೂರದ ಅಟ್ಟಣೆಯ ಮೇಲೆ ಸೊಂಟಕ್ಕೆ ಸೆರಗು ಬಿಗಿದು ಅಕ್ಕ ನಿಂತಿದ್ದಳು.

"ಗುರಿ ತಪ್ತಾ ಸಾ?" ಎಂದು ಕೂಗಿ ಗಟ್ಟಿಯಾಗಿ ನಕ್ಕಳು.

ಹತ್ತಿರ ಹೋದೆ. ಸಿಟ್ಟೇನೂ ಇರಲಿಲ್ಲ ಅವಳಿಗೆ. ಅದೇ ನನಗೆ ಸಹಿಸಲಾಗಲಿಲ್ಲ. ಬೈದಿದ್ದರೆ, ಉಗಿದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೆಂಡತಿ, ಮಗು ಚೆನ್ನಾಗಿದ್ದಾರಾ ಎಂದಳು. ಆಮೇಲೆ, "ಆ ಹಕ್ಕಿ ಮರಿ ಮಾಡ್ತಾ ಸಾ? ಓದ್ದೋರಿಗೆ ಗೊತ್ತಾಗಿರ್ತದೆ" ಎಂದು ಕೇಳಿದಳು. ಎರಡು ವರ್ಷದಿಂದ ಅವಳು ಅದನ್ನೇ ಯೋಚಿಸುತ್ತಿದ್ದಳು ಎಂದು ಆಗ ತಿಳಿಯಿತು. ಕೆಲಸ ಹೋದದ್ದನ್ನಲ್ಲ. ನಾನು ಕನ್ನಡಕ ಒರೆಸುತ್ತ, "ಮಾಡಿತಂತೆ, ಮೂರೂ" ಎಂದೆ.

"ಸುಳ್ಳು ಯೋಳೋವಾಗ ನೀವು ಕನ್ನಡ್ಕ ಒರುಸ್ತೀರಾ" ಎಂದಳು ಅಕ್ಕ. ಅಷ್ಟರಲ್ಲಿ ಹಾಲ್ಗುಡುಕಗಳ ಹಿಂಡು ಗದ್ದೆಗೆ ಇಳಿಯಿತು. ಅವಳು ನನ್ನನ್ನು ಬಿಟ್ಟು ಆ ಕಡೆ ತಿರುಗಿದಳು.

ಅದಾದ ಮೇಲೆ ನಾನು ಅವಳನ್ನು ನೋಡಲು ಹೋಗಲಿಲ್ಲ. ಹೋಗಬಹುದಿತ್ತು, ನಮ್ಮ ಮನೆಯಿಂದ ಸೈಕಲ್ಲಿನ ದಾರಿ. ಸನ್ಮಾನವಾದ ಮೂರನೆಯ ದಿನ ಅವಳು ತೀರಿಕೊಂಡ ಸುದ್ದಿ ಬಂದಾಗ ಹೋದೆ. ಮಣ್ಣು ಮಾಡಿ ಆಗಿತ್ತು. ಜಗುಲಿಯ ಮೂಲೆಯಲ್ಲಿ, ನೆರಳಿನಲ್ಲಿ, ಒಂದು ಮಂಕರಿ ತುಂಬ ಮಣ್ಣುಂಡೆ ಒಣಗುತ್ತಿದ್ದವು. ಅವಳ ತಮ್ಮ ನನಗೆ ಚಾಪೆ ಹಾಸಿದ. ಅಕ್ಕನ ಕೈಯ ಬಗ್ಗೆ ಮಾತು ಬಂತು.

"ಅವಳ್ ಕೈಗೆ ಸಮಾನಿ ಈ ಸುತ್ತಿನಾಗೆ ಯಾರೂ ಇರ್ನಿಲ್ಲ ಸಾ. ಜಲ್ಮದಲ್ಲಿ ಒಂದೇ ಸಲ ತಪ್ಪಿದ್ದು, ಅದೂ ನಿಮ್ ಕಾಲೇಜ್ನೋರ್ ಜತೆ ಹೋಗಿದ್ದಾಗ. ಕಾಗೆಗೆ ಬೀಸಿ ಕ್ಯಾಮ್ರಾಕ್ ಹೊಡುದ್ಲಂತೆ. ಕೆಲ್ಸ ಹೋಯ್ತು."

"ಅವಳು ಹಾಗೆ ಹೇಳಿದಳಾ?"

"ಇಲ್ಲ, ಅವಳು ತಪ್ಪಿಲ್ಲ ತಪ್ಪಿಲ್ಲ ಅಂತ್ಲೇ ಸತ್ಲು. ನಾನೇ ಆಫೀಸ್ಗೆ ಹೋಗಿ ಕೇಳಿದ್ದೆ, ಕಾಗ್ದ ಓದಿ ಯೋಳುದ್ರು. ಕಾಗ್ದದಾಗೇ ಬರ್ದದೆ ಅಂದ್ಮೇಲೆ ಇವಳ್ ಮಾತ ಎಂಗ್ ನಂಬೋದು? ಎಷ್ಟೋ ಸಲ ರೇಗ್ಸಿದ್ದೀನಿ. ಕೊನೆಕೊನೆಗೆ ಆ ಮಾತೇ ಬುಟ್ಬುಟ್ಟಿದ್ಲು."

ಏಳು ವರ್ಷ. ಸ್ವಂತ ತಮ್ಮನ ಮನೆಯಲ್ಲಿ, ತಾನು ಬಲ್ಲ ಒಂದೇ ವಿಷಯದಲ್ಲಿ, ನನ್ನ ಕಾಗದದ ಕೆಳಗೆ ಕೂತು ಅನ್ನ ತಿಂದಿದ್ದಳು.

"ಆ ಕಾಗದ ಬರೆದವನು ನಾನು. ಅದು ಸುಳ್ಳು" ಎಂದೆ. ಕನ್ನಡಕ ಮುಟ್ಟಲಿಲ್ಲ.

ಅವನು ನನ್ನ ಮುಖ ನೋಡಿದ. ಮಂಕರಿಯ ಕಡೆ ನೋಡಿದ. "ಈಗ ಯೋಳ್ತಿದೀರಾ ಸಾ?" ಎಂದ. ಎದ್ದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಅವನು ಬರುತ್ತಾನೇನೋ ಎಂದು ಬಹಳ ಹೊತ್ತು ಕೂತಿದ್ದೆ.

ನನ್ನ ಆ ಕಾಗದವಿರುವ ಕಡತ ಈಗಲೂ ಕಾಲೇಜಿನ ಬೀರುವಿನಲ್ಲಿದೆ. ನಾನು ಈಗಲೂ ಅದೇ ಕಾಲೇಜಿನಲ್ಲಿದ್ದೇನೆ. ನಾಳೆ ಹೊಸ ಪ್ರಿನ್ಸಿಪಾಲರಿಗೆ ಈ ಹೇಳಿಕೆಯನ್ನು ಕೊಡುತ್ತೇನೆ, ಹಳೆಯದರ ಮೇಲೆ ಇದನ್ನು ಸೇರಿಸಲಿ. ಆ ದಿನ ಕಡಲ ದಂಡೆಯಲ್ಲಿ ಕಾಗೆ ಇರಲಿಲ್ಲ. ಗೂಡನ್ನು ಮೊದಲು ಕಂಡವಳು ಅವಳು, ಅವರಿಗೆ ಹೇಳಿಬಿಟ್ಟವನು ನಾನು. ಕಲ್ಲು ಅವಳು ಬೀಳಿಸಬೇಕೆಂದ ಕಡೆಗೇ ಬಿತ್ತು. ಟವೆಲ್ಲು ನನ್ನದು.